ಮೊಳೆಪಟ್ಟಿ

ಚಿನ್ನಿಗೆ ಮೊದಲು ಗುರುತು ಸಿಕ್ಕಿದ್ದು ನಾಯಿಯದು. ಹಗ್ಗ ಹಿಡಿದು ಬರುತ್ತಿದ್ದ ಹೆಂಗಸು ಯಾರೆಂಬುದು ಆಮೇಲೆ ಹೊಳೆಯಿತು. ತುಮ್ಮನಟ್ಟಿಯಿಂದ ಬಸ್ ರಸ್ತೆಗೆ ಇಳಿಯುವ ಮಣ್ಣುದಾರಿಯ ತಿರುವು. ಕ್ಯಾರೆಟ್ ಹೊಲಗಳ ಮೇಲೆ ಹಿಮ ಇನ್ನೂ ಬೆಳ್ಳಗೆ ಕೂತಿತ್ತು. ಕಂದುಬಣ್ಣದ ನಾಯಿಯೊಂದು ತನ್ನ ಎಡಗಾಲಿನ ಬಿಳಿ ಪಾದವನ್ನು ಎತ್ತೆತ್ತಿ ಇಡುತ್ತ ಏರಿ ಬರುತ್ತಿತ್ತು. ಒಂದೇ ಕಾಲಿಗೆ ಸಾಕ್ಸ್ ಹಾಕಿಕೊಂಡು ಸ್ಕೂಲಿಗೆ ಹೊರಟ ಪೆದ್ದ ಎಂದು ಮಗಳು ಸರಣ್ಯಾ ಅದನ್ನು ಆಡಿಕೊಳ್ಳುತ್ತಿದ್ದಳು. ಬೆಲ್ಲ! ಮೂರು ವರ್ಷದಲ್ಲಿ ಮೈ ತುಂಬಿಕೊಂಡು ಎಷ್ಟು ದೊಡ್ಡದಾಗಿದೆ ಎಂದುಕೊಂಡಳು ಚಿನ್ನಿ.

ಅವಳ ಕೈಯ ಹಗ್ಗದ ತುದಿಯಲ್ಲಿದ್ದ ಕರಿನಾಯಿ ಮೆಣಸು ಮೂಗೆತ್ತಿ ನಿಂತಿತು. ಇವೆರಡೂ ಒಂದೇ ತಾಯಿಯ ಮರಿಗಳು. ಅರವಂಕಾಡಿನ ಫ್ಯಾಕ್ಟರಿ ಕ್ವಾರ್ಟರ್ಸಿನ ಮೆಟ್ಟಿಲ ಕೆಳಗೆ ಹುಟ್ಟಿ, ತಾಯಿ ಲಾರಿಗೆ ಸಿಕ್ಕ ಮೇಲೆ ಸರಣ್ಯಾಳ ಹಾಲಿನ ಬಟ್ಟಲಲ್ಲಿ ಬೆಳೆದವು. ಮೆಣಸು, ಬೆಲ್ಲ ಎಂದು ಬಣ್ಣ ನೋಡಿ ಹೆಸರಿಟ್ಟವಳೂ ಅವಳೇ. ಸರಣ್ಯಾ ಚಿನ್ನಿಯ ಒಬ್ಬಳೇ ಮಗಳು. ಮದುವೆಯಾಗಿ ಆರು ವರ್ಷವಾಗಿತ್ತು, ಮಕ್ಕಳಾಗಿರಲಿಲ್ಲ. ಕಾಮಾಲೆ ಎಂದು ಹಾಸಿಗೆ ಹಿಡಿದವಳು ಮತ್ತೆ ಏಳಲಿಲ್ಲ.

ಕರ್ಮವೆಲ್ಲ ಮುಗಿದ ಮೇಲೆ ಅಳಿಯ ಮನೋಜ್‌ಕುಮಾರ್ ಮಗಳ ಪೆಟ್ಟಿಗೆ ತಂದುಕೊಟ್ಟ. ಚಿನ್ನಿ ಪೆಟ್ಟಿಗೆಯ ಕಡೆ ತಿರುಗಿಯೂ ನೋಡದೆ, "ನಾಯಿ ಕೊಡು. ಎನ್ನ ಕೂಸು ಸಾಕಿದ ನಾಯಿ," ಎಂದಳು. ಅವನೂ ಅದೇ ದುಃಖದಲ್ಲಿದ್ದವನು. ಒಂದನ್ನು ಕೊಟ್ಟ, ಒಂದನ್ನು ಇಟ್ಟುಕೊಂಡ. ಒಂದೇ ಗೋಣಿಚೀಲದ ಮೇಲೆ ಒಂದರ ಹೊಟ್ಟೆಗೊಂದು ಮೂತಿ ತೂರಿಸಿ ಮಲಗುತ್ತಿದ್ದವನ್ನು ಹೀಗೆ ಹಂಚಿಕೊಂಡದ್ದು ಸರಿಯೇ ಎಂದು ಆಗ ಯಾರೂ ಕೇಳಲಿಲ್ಲ. ಎದೆ ಒಡೆದುಕೊಂಡು ಕೂತವರನ್ನು ಯಾರು ತಾನೇ ಕೇಳುತ್ತಾರೆ?

ಹಗ್ಗ ಹಿಡಿದು ಬರುತ್ತಿದ್ದವಳು ಕೀರ್ತನಾ, ಮನೋಜನ ಎರಡನೆಯ ಹೆಂಡತಿ. ಚಿನ್ನಿ ಅವಳನ್ನು ಈ ಮೊದಲು ನೋಡಿದ್ದು ಎರಡೇ ಸಲ, ಒಮ್ಮೆ ಯಾರದೋ ಮದುವೆಯಲ್ಲಿ, ಇನ್ನೊಮ್ಮೆ ಹೆತ್ತೆ ದೇವಿಯ ಹಬ್ಬದಲ್ಲಿ. ಆ ಕಡೆಯ ಹಟ್ಟಿಗಳಲ್ಲಿ ಚಿಕ್ಕವರು ಹಿರಿಯರನ್ನು ಕಂಡರೆ ಮುಂದೆ ಬಂದು ತಲೆ ಬಾಗಿಸುತ್ತಾರೆ. ಹಿರಿಯರು ಆ ತಲೆಯ ಮೇಲೆ ಅಂಗೈ ಇಟ್ಟು ನೂರು ವರ್ಷ ಬದುಕು ಎನ್ನುತ್ತಾರೆ. ಎರಡು ಸಲವೂ ಕೀರ್ತನಾ ತಲೆ ಬಾಗಿಸಿದ್ದಳು. ಎರಡು ಸಲವೂ ಚಿನ್ನಿ ಕಾಣದವಳ ಹಾಗೆ ಪಕ್ಕಕ್ಕೆ ಸರಿದುಹೋಗಿದ್ದಳು. ಮಗಳ ಜಾಗಕ್ಕೆ ಬಂದವಳ ಮೇಲೆ ಹೊಟ್ಟೆಕಿಚ್ಚು ಎಂದು ಊರು ಮಾತಾಡಿಕೊಂಡಿತು. ಊರಿನ ಬಾಯಿಗೆ ಅಷ್ಟು ಸಿಕ್ಕರೆ ಆರು ತಿಂಗಳ ಊಟವಾಯಿತು.

ನಿಜ ಬೇರೆ ಇತ್ತು. ಚಿನ್ನಿ ಈ ಮೂರು ವರ್ಷದಲ್ಲಿ ಯಾರ ತಲೆಯನ್ನೂ ಮುಟ್ಟಿರಲಿಲ್ಲ. ತಮ್ಮನ ಮೊಮ್ಮಗು ಓಡಿಬಂದು ತಲೆಯೊಡ್ಡಿದರೂ ಕೈಯನ್ನು ಮೈಗೆ ಹೊದ್ದ ಮುಂಡಿನೊಳಗೆ ಅಡಗಿಸಿಕೊಂಡು ಬಾಯಲ್ಲೇ ಮುದ್ದು ಮಾಡಿ ಕಳಿಸುತ್ತಿದ್ದಳು. ಅವಳ ಅಂಗೈ ಕೊನೆಗೆ ಇದ್ದದ್ದು ಸರಣ್ಯಾಳ ತಲೆಯ ಮೇಲೆ. ಹಬ್ಬಕ್ಕೆ ಬಂದವಳು ಹೊರಟು ನಿಂತು ಬಾಗಿದಾಗ, ಎಂದಿನ ಹಾಗೆ ನೂರು ವರ್ಷ ಬದುಕು ಎಂದಿದ್ದಳು. ಅದಾಗಿ ಇಪ್ಪತ್ತೆರಡೇ ದಿನ. ಈ ಮಾತನ್ನು ಅವಳು ಗಂಡ ಹಾಲನಿಗೂ ಹೇಳಿರಲಿಲ್ಲ.

"ಮಾಮಿ," ಎಂದಳು ಕೀರ್ತನಾ. ಏರು ಹತ್ತಿದ ಏದುಸಿರಲ್ಲೇ ನಕ್ಕಳು. ಸ್ವೆಟರಿನ ಗುಂಡಿಗಳು ಹೊಟ್ಟೆಯ ಹತ್ತಿರ ಕೂಡುತ್ತಿರಲಿಲ್ಲ. ಚಿನ್ನಿಯ ಕಣ್ಣು ಅಲ್ಲಿಗೆ ಹೋಯಿತು. ಆ ಒಂದು ಗಳಿಗೆ ಹಗ್ಗ ಹಿಡಿದ ಅವಳ ಕೈ ಸಡಿಲವಾಯಿತು. ಅತ್ತ ಕೀರ್ತನಾ, "ಬೆಲ್ಲಾ, ನೋಡು ಯಾರು ಅಂತ," ಎಂದು ತಾನೇ ಹಗ್ಗ ಬಿಟ್ಟುಕೊಟ್ಟಳು.

ನಾಯಿಗಳು ಮೂಗಿಗೆ ಮೂಗು ತಂದು ಕಲ್ಲಾಗಿ ನಿಂತವು. ಬಾಲಗಳು ನೆಟ್ಟಗಾದವು. ಮೆಣಸಿನ ಗಂಟಲಲ್ಲಿ ಗುರ್ ಎಂದು ಶುರುವಾದದ್ದು ಮುಗಿಯುವ ಮೊದಲೇ ಎರಡೂ ಒಂದಾಗಿ ಉರುಳಿದವು.

ಮೆಣಸಿನ ಕೊರಳಲ್ಲಿ ಮೊಳೆಪಟ್ಟಿ ಇತ್ತು. ಹಟ್ಟಿಯಲ್ಲಿ ಚಿರತೆ ನಾಯಿಗಳನ್ನು ಹೊತ್ತೊಯ್ಯಲು ಶುರುಮಾಡಿದ ಮೇಲೆ ಹಾಲ ಹಳೇ ಬೆಲ್ಟಿಗೆ ಮೊಳೆ ಹೊಡೆದು, ಚೂಪು ಹೊರಗೆ ಬರುವ ಹಾಗೆ ಮಾಡಿಕೊಟ್ಟಿದ್ದ. ಚಿರತೆ ಹಿಡಿಯುವುದು ಕುತ್ತಿಗೆಯನ್ನೇ ತಾನೆ? ಮಗಳು ಬಿಟ್ಟುಹೋದ ಜೀವ ಇದೊಂದೇ ಎಂದು ಚಿನ್ನಿ ಹಗಲೂ ಅದನ್ನು ಬಿಚ್ಚುತ್ತಿರಲಿಲ್ಲ. ಈಗ ಬೆಲ್ಲ ಬಾಯಿ ಹಾಕಿದ್ದು ಅದೇ ಕುತ್ತಿಗೆಗೆ. ಮೊಳೆ ತುಟಿಗೆ ಹೊಕ್ಕು ಅದು ಕಿರುಚಿತು. ಕಿರುಚಿ ಬಿಡುವುದರ ಬದಲು ಹುಚ್ಚೆದ್ದು ಮೆಣಸಿನ ಕಿವಿ ಕಚ್ಚಿಕೊಂಡಿತು. ಹಿಮದ ಮೇಲೆ ಕೆಂಪು ಹನಿಗಳು ಬಿದ್ದವು.

"ಬೆಲ್ಲಾ! ಬಿಡು, ಬಿಡು ಎಂದೆನಲ್ಲಾ!" ಕೀರ್ತನಾ ಬೊಬ್ಬೆ ಹಾಕುತ್ತ ಕೈಲಿದ್ದ ಕೊಡೆಯಿಂದ ಎರಡಕ್ಕೂ ಹೊಡೆದಳು. ಒಂದೊಂದು ಏಟಿಗೂ ಅವು ಇನ್ನಷ್ಟು ಬಿಗಿದುಕೊಂಡವು. ಅವಳು ಕೊಡೆ ಎಸೆದು ಮೆಣಸಿನ ಕೊರಳಪಟ್ಟಿಗೇ ಕೈ ಹಾಕಲು ಬಗ್ಗಿದಳು.

"ಕೈ ಹಾಕಬೇಡ! ಮೊಳೆ! ಹಿಂದೆ ಸರಿ ಕೂಸೆ!"

ಚಿನ್ನಿಯ ಆ ದನಿಗೆ ಕೀರ್ತನಾ ನಿಂತಲ್ಲೇ ನಿಂತಳು. ಮದುವೆಯಾದ ಹೊಸತರಲ್ಲಿ ಹಾಲ ಜಗಳದ ನಾಯಿಗಳ ನಡುವೆ ಕೈ ಹಾಕಿ ಬಲಗೈ ಕಿರುಬೆರಳನ್ನು ಅರ್ಧ ಕಳೆದುಕೊಂಡಿದ್ದ. ಆ ಅರ್ಧ ಬೆರಳಿನ ಜೊತೆ ಮೂವತ್ತೈದು ವರ್ಷ ಸಂಸಾರ ಮಾಡಿದವಳಿಗೆ ಯಾರೂ ಪಾಠ ಹೇಳಬೇಕಾಗಿರಲಿಲ್ಲ. ಹೊಡೆಯಬಾರದು, ಕೂಗಬಾರದು, ಬಾಯಿಯ ಹತ್ತಿರ ಕೈ ಒಯ್ಯಬಾರದು. ಇಬ್ಬರಿದ್ದರೆ ಇಬ್ಬರೂ ಹಿಂದಿನಿಂದ ಹೋಗಿ, ಒಬ್ಬೊಬ್ಬರು ಒಂದೊಂದರ ಹಿಂಗಾಲು ಹಿಡಿದೆತ್ತಿ, ಒಂದೇ ಸಲ ಹಿಂದಕ್ಕೆ ನಡೆಯಬೇಕು. ಇಬ್ಬರೇನೋ ಇದ್ದರು. ಚಿನ್ನಿ ಕೀರ್ತನಾಳ ಹೊಟ್ಟೆಯನ್ನು ಇನ್ನೊಮ್ಮೆ ನೋಡಿದಳು.

"ಆ ದಿಬ್ಬದ ಮೇಲೆ ಹತ್ತಿ ನಿಲ್ಲು. ಏನೇ ಆದರೂ ಕೆಳಗೆ ಬರಬೇಡ."

ಹೊದ್ದಿದ್ದ ಬಿಳಿ ಮುಂಡನ್ನು ಎಳೆದು ತೆಗೆದಳು. ಹಗ್ಗದ ಹಾಗೆ ಹುರಿ ಮಾಡಿದಳು. ಮೆಣಸಿನ ಹಿಂಬದಿಯಿಂದ ಬಂದು ಅದರ ಸೊಂಟಕ್ಕೆ, ಹಿಂಗಾಲುಗಳ ಮುಂದೆ ಸುತ್ತು ಹಾಕಿ ಬಿಗಿದಳು. ಎಳೆಯಲಿಲ್ಲ. ಕಚ್ಚಿಕೊಂಡಿರುವಾಗ ಎಳೆದರೆ ಕಿವಿ ಹರಿದು ಬರುತ್ತದೆ. ಕಚ್ಚಿದ ಬಾಯಿಯನ್ನೇ ನೋಡುತ್ತ ಕಾದಳು. ಬೆಲ್ಲ ಹಿಡಿತ ಬದಲಿಸಲು ಬಾಯಿ ತೆರೆದ ಕ್ಷಣಕ್ಕೆ ಮೆಣಸನ್ನು ಹಿಂದುಹಿಂದಕ್ಕೆ ಜಗ್ಗಿ, ನಾಲ್ಕು ಹೆಜ್ಜೆ ಆಚೆಯಿದ್ದ ನೀಲಗಿರಿ ಮರಕ್ಕೆ ಮುಂಡನ್ನು ಸುತ್ತಿ ಗಂಟು ಹಾಕಿದಳು. ಬೆಲ್ಲ ಬೆನ್ನಟ್ಟಿ ಬಂತು. ಬಿದ್ದಿದ್ದ ಕೊಡೆಯನ್ನು ಎತ್ತಿ ಅದರ ಮುಖದೆದುರು ಪಟ್ಟನೆ ಬಿಚ್ಚಿದಳು. ಎದುರಿನದು ಕಾಣದೆ ಅದು ತಬ್ಬಿಬ್ಬಾದ ಹೊತ್ತಿನಲ್ಲಿ ಮಣ್ಣಲ್ಲಿ ಹರಿದಾಡುತ್ತಿದ್ದ ಅದರ ಹಗ್ಗವನ್ನು ಮೆಟ್ಟಿ ಹಿಡಿದು, ದಾರಿಯ ಆಚೆ ಬದಿಯ ಬೇಲಿಕಂಬದವರೆಗೆ ಎಳೆದೊಯ್ದು ಕಟ್ಟಿದಳು.

ಆಮೇಲೆ ಮಣ್ಣಲ್ಲೇ ಕೂತಳು.

ಕೀರ್ತನಾ ದಿಬ್ಬದಿಂದ ಮೆಲ್ಲಗೆ ಇಳಿದು ಬಂದು ಬೆಲ್ಲನ ಮುಖ ಹಿಡಿದಳು. ಚಿನ್ನಿ ಹತ್ತಿರ ಹೋಗಿ ಅದರ ತುಟಿ ಎತ್ತಿ ನೋಡಲು ಕೈ ಚಾಚಿದರೆ ಅದು ಹಲ್ಲು ಕಿರಿಯಿತು. ಇದೇ ಕೈಯಿಂದ ರಾಗಿಮುದ್ದೆ ತಿಂದಿದ್ದ ನಾಯಿ. ಕೀರ್ತನಾ ಗದರಿಸಿದ ಮೇಲೆ ಸುಮ್ಮನಾಯಿತು. ಮೇಲ್ತುಟಿಯಲ್ಲಿ ಮೂರು ತೂತು, ನಾಲಿಗೆಯಲ್ಲಿ ಒಂದು ಸೀಳು. ಮಗಳ ನಾಯಿಯನ್ನು ಕಾಯಲೆಂದು ಹೊಡೆಸಿದ ಮೊಳೆ ಮಗಳ ಇನ್ನೊಂದು ನಾಯಿಯ ಬಾಯಿ ಹರಿದಿತ್ತು. ಚಿನ್ನಿಗೆ ಅಳು ಬಂತು. ತಡೆಯಲಿಲ್ಲ.

"ತಪ್ಪು ಎನ್ನದು ಮಾಮಿ," ಕೀರ್ತನಾಳೂ ಅಳುತ್ತಿದ್ದಳು. "ಅವರು ಬೇಡ ಎಂದರು. ನಾನೇ ಕೇಳಲಿಲ್ಲೆ. ಬೆಲ್ಲನ ಕಂಡರೆ ನಿನ್ನ ಮನಸು ಇಳಿದೀತು ಅಂತ... ಕೂಡಿ ಬೆಳೆದವಲ್ಲಾ, ಗುರುತು ಸಿಕ್ಕೀತು ಅಂತ ಎಣಿಸಿದೆ."

"ಮೂರು ವರ್ಷ ಆಗಿ ಹೋತು ಕೂಸೆ. ಅದಕ್ಕೆ ಏನ ಗೊತ್ತು," ಎಂದಳು ಚಿನ್ನಿ. ಅವಳಿಗೇ ಕೆಲವು ದಿನ ಮಗಳ ದನಿ ನೆನಪಿಗೆ ಬರುತ್ತಿರಲಿಲ್ಲ. ಮುಖ ಬರುತ್ತಿತ್ತು, ದನಿ ಇಲ್ಲ.

"ಮನೋಜ ಎಲ್ಲಿ?"

"ಕೆಳಗೆ ಬಸ್ ಸ್ಟಾಪಿಲಿ, ಕಾರಿಲಿ ಕೂತಿದ್ದಾರೆ. ಎಂತ ಮುಖ ಇಟ್ಟು ಬರಲಿ ಎಂದರು." ಕೀರ್ತನಾ ಕಣ್ಣು ಒರೆಸಿಕೊಂಡಳು. "ಏಳು ತಿಂಗಳಾತು. ಬರುವ ಸೋವಾರ ಕಣ್ಣಿ ಕಟ್ಟುದು. ಅದ ಹೇಳಲು ಬಂದೆ."

ಚೊಚ್ಚಲ ಬಸುರಿಯ ಕೊರಳಿಗೆ ಏಳನೆಯ ತಿಂಗಳಲ್ಲಿ ಗಂಡ ದಾರ ಕಟ್ಟುವ ಶಾಸ್ತ್ರ. ಹಟ್ಟಿಯ ಹೆಂಗಸರಿಗೆ ಮದುವೆಗಿಂತ ಅದು ದೊಡ್ಡದು. ಸರಣ್ಯಾಳ ಕೊರಳಿಗೆ ಆ ದಾರ ಬೀಳಲೇ ಇಲ್ಲ. ಆರು ವರ್ಷ ಪ್ರತಿ ಹಬ್ಬಕ್ಕೂ ಚಿನ್ನಿ ಮಗಳ ಮುಖ ನೋಡುತ್ತಿದ್ದಳು. ಮಗಳು ಇಲ್ಲ ಎಂದು ತಲೆ ಅಲ್ಲಾಡಿಸುತ್ತಿದ್ದಳು, ಕೊನೆಯ ವರ್ಷ ನಾಯಿಮರಿಯನ್ನು ಎತ್ತಿಕೊಳ್ಳುತ್ತಿದ್ದಳು.

ಕೀರ್ತನಾ ಚಿನ್ನಿಯ ಮೈಮೇಲಿನ ನೀಲಿ ಸ್ವೆಟರನ್ನೇ ನೋಡುತ್ತಿದ್ದಳು. ಮುಂಡು ಮರಕ್ಕೆ ಹೋಗಿ ಅದು ಬಯಲಾಗಿತ್ತು. ಕೊನೆಗೂ ಮಗಳ ಪೆಟ್ಟಿಗೆ ತೆರೆದ ದಿನ ಸಿಕ್ಕಿದ ಸ್ವೆಟರ್. ಅಂದು ಅದರ ತುಂಬ ಎರಡು ಬಣ್ಣದ ಕೂದಲಿತ್ತು, ಕರಿದು, ಕಂದು. ಹಾಕಿ, ಒಗೆದು, ಹಾಕಿ ಈಗ ಬರೀ ಕರಿದು.

"ಅಕ್ಕ ಫೋಟೋಲಿ ಇದೇ ಹಾಕಿದ್ದಾಳೆ," ಎಂದಳು ಕೀರ್ತನಾ. "ಗೋಡೆಲಿ ಇದ್ದರೆ ಎಲ್ಲಾರೂ ಕೇಳಿಯಾರು ಅಂತ ಅವರು ತೆಗೆಯಲು ಹೋದರು. ನಾ ಬಿಡಲಿಲ್ಲೆ."

ಅಷ್ಟು ಹೇಳಿ, ಹೊಟ್ಟೆಯ ಮೇಲೆ ಒಂದು ಕೈ ಇಟ್ಟುಕೊಂಡು, ಅವಳು ಚಿನ್ನಿಯ ಮುಂದೆ ತಲೆ ಬಾಗಿಸಿದಳು.

ಚಿನ್ನಿ ಹಿಂದೆ ಸರಿದಳು. "ಬೇಡ ಕೂಸೆ. ನೋಡು, ಕೈಯೆಲ್ಲಾ ರಕ್ತ."

"ಇರಲಿ ಮಾಮಿ."

"ರಕ್ತ ತೊಳೆದರೆ ಹೋದೀತು. ಎನ್ನ ಕೈಯೇ ಒಳ್ಳೆದಿಲ್ಲೆ." ಮೂರು ವರ್ಷ ಗಂಟಲಲ್ಲಿ ಇಟ್ಟುಕೊಂಡದ್ದು ಆಚೆಗೆ ಬಂತು. "ಎನ್ನ ಕೂಸಿಗೆ ಇದೇ ಕೈ ಇಟ್ಟು ನೂರು ವರ್ಷ ಬದುಕು ಎಂದೆ. ಇಪ್ಪತ್ತೆರಡು ದಿನ ಬದುಕಿದಳು. ನಿನ್ನ ಮೇಲೆ ಕೋಪ ಇಲ್ಲೆ. ನಿನಗೆ ಏನಾದರೂ ಆತು ಎಂದರೆ ನಾ ಎಲ್ಲಿ ಹೋಗಲಿ? ನೀ ಎರಡು ಜೀವ. ಬೇರೆ ಯಾರ ಕೈಲಾದರೂ ಇಡಿಸಿಕೊ."

ಕೀರ್ತನಾ ತಲೆ ಎತ್ತಲಿಲ್ಲ. ಹೊಟ್ಟೆಯ ಭಾರಕ್ಕೆ ಬಗ್ಗಿ ನಿಲ್ಲುವುದು ಕಷ್ಟವಾಗುತ್ತಿತ್ತು, ಉಸಿರು ಜೋರಾಗುತ್ತಿತ್ತು. ಆದರೂ ಎತ್ತಲಿಲ್ಲ.

"ನೂರು ವರ್ಷ ಬೇಡ ಮಾಮಿ," ಎಂದಳು ನೆಲ ನೋಡುತ್ತಲೇ. "ಸುಮ್ಮನೆ ಕೈ ಇಡು."

ಮರದ ಬುಡದಲ್ಲಿ ಮೆಣಸು ಕುಯ್‌ಗುಡುತ್ತಿತ್ತು. ಚಿನ್ನಿ ಅಂಗೈಯನ್ನು ಸೀರೆಗೆ ಒರೆಸಿದಳು. ಹೋಗಲಿಲ್ಲ. ಮತ್ತೆ ಒರೆಸಿದಳು. ಕೊನೆಗೆ ಬೆರಳುಗಳನ್ನು ಮಡಿಸಿಕೊಂಡು, ರಕ್ತ ಹತ್ತದ ಮಣಿಕಟ್ಟನ್ನು ಆ ಬೈತಲೆಯ ಮೇಲೆ ಇಟ್ಟಳು. ಕೂದಲು ಬೆಚ್ಚಗಿತ್ತು.

"ಬದುಕು," ಎಂದಳು ಚಿನ್ನಿ. ಲೆಕ್ಕ ಏನೂ ಹೇಳಲಿಲ್ಲ. "ಬದುಕು ಕೂಸೆ."

ಹೊರಡುವಾಗ ನೂರು ಎಚ್ಚರಿಕೆ ಹೇಳಿದಳು. ಬೆಲ್ಲನ್ನ ನೇರ ನಾಯಿ ಡಾಕ್ಟರ ಹತ್ತಿರ ಕರೆದುಕೊಂಡು ಹೋಗು. ನಿನಗೆ ಎಲ್ಲಾದರೂ ಪರಚಿದೆಯಾ ನೋಡು, ಪರಚಿದ್ದರೆ ಸೋಪು ಹಾಕಿ ತೊಳೆದು ಇವತ್ತೇ ಸೂಜಿ ಹಾಕಿಸು, ನಾಳೆ ಎನ್ನಬೇಡ. ಇಳಿಜಾರಲ್ಲಿ ಮೆಲ್ಲ ಹೋಗು. ಕೀರ್ತನಾ ಎಲ್ಲಕ್ಕೂ ತಲೆಯಾಡಿಸಿ, ಹೋದವಳು ತಿರುವಿನಲ್ಲಿ ನಿಂತು, "ಸೋವಾರ, ಮಾಮಿ?" ಎಂದಳು.

"ನೋಡೋಣ," ಎಂದಳು ಚಿನ್ನಿ.

ಮನೆಗೆ ಬಂದು ಮೆಣಸಿನ ಕಿವಿಗೆ ಅರಿಶಿನ ಮೆತ್ತಿದಳು. ಹಾಲ ಹೊಲದಿಂದ ಬಂದಿರಲಿಲ್ಲ. ತನ್ನ ಕೈಗಳನ್ನು ಸೋಪು ಹಾಕಿ ತೊಳೆದಳು. ಬೆರಳ ಸಂದಿಯಲ್ಲಿ ಏನಾದರೂ ಗೀರಿದೆಯೇ ಎಂದು ಬೆಳಕಿಗೆ ಹಿಡಿದು ನೋಡಿದಳು. ಇರಲಿಲ್ಲ. ಮೆಣಸಿನ ಮೊಳೆಪಟ್ಟಿಯನ್ನು ಸಂಜೆಯೊಳಗೆ ಮತ್ತೆ ಕಟ್ಟಬೇಕು, ಚಿರತೆಗೆ ಇವರ ಕಥೆಯೆಲ್ಲ ಬೇಕಾಗಿಲ್ಲ. ಆದರೂ ಅದನ್ನು ಬಿಚ್ಚಿ ಮಡಿಲಲ್ಲಿಟ್ಟುಕೊಂಡು ಬಾಗಿಲ ಬಿಸಿಲಲ್ಲಿ ಕೂತಳು. ಮೊಳೆಗಳ ಬುಡದಲ್ಲಿ ಕಂದು ಕೂದಲು ಸಿಕ್ಕಿಕೊಂಡಿತ್ತು. ಒಂದೊಂದಾಗಿ ಬಿಡಿಸಿದಳು. ಚಿಟಿಕೆಯಷ್ಟಾಯಿತು.

ಅದನ್ನು ಮೆಣಸಿನ ಮೂಗಿನ ಹತ್ತಿರ ಹಿಡಿದಳು. ಅದು ಮೂಸಿತು, ಬಹಳ ಹೊತ್ತು ಮೂಸಿತು, ಆಮೇಲೆ ಮುಖ ಆಚೆ ತಿರುಗಿಸಿ ಗೋಣಿಚೀಲದ ಒಂದು ಬದಿಗೆ ಮಲಗಿತು. ಚಿನ್ನಿ ಆ ಕೂದಲನ್ನು ನೀಲಿ ಸ್ವೆಟರಿನ ಜೇಬಿಗೆ ಹಾಕಿ, ಜೇಬಿನ ಮೇಲೆ ಅಂಗೈ ಇಟ್ಟುಕೊಂಡು ಕೂತಳು.