ದುಡ್ಡಿನ ವಾರ್ಡಿನ ಚಾದರ

ಆ ಸರ್ಕಾರಿ ಆಸ್ಪತ್ರೆಯಲ್ಲಿ ಚಾದರಗಳಿಗೂ ಅಂತಸ್ತಿತ್ತು. ಕೆಳಗಿನ ಜನರಲ್ ವಾರ್ಡಿಗೆ ಬಿಳಿ, ಮಹಡಿ ಮೇಲಿನ ದುಡ್ಡಿನ ವಾರ್ಡಿಗೆ ನೀಲಿ. ಎರಡನ್ನೂ ಒಗೆದು, ಇಸ್ತ್ರಿ ಹಾಕಿ, ಮಡಚಿಡುವವಳು ಮಾತ್ರ ಒಬ್ಬಳೇ. ಎಲ್ಲರ ಬಾಯಲ್ಲೂ ಅವಳು ಲಾಂಡ್ರಿ ಅಕ್ಕ.

ಈಗ ಅವಳ ಒಡಹುಟ್ಟಿದ ತಮ್ಮನೇ ಕಾರಿಡಾರಿನ ನೆಲದ ಮೇಲೆ ಉಸಿರಿಗೆ ಒದ್ದಾಡುತ್ತಿದ್ದ. ಕೆಳಗೆ ಒಂದು ಮಂಚವೂ ಇರಲಿಲ್ಲ. ಮೇಲೆ ದುಡ್ಡು ಕೊಡುವವರಿಗೆಂದು ಕಾದಿಟ್ಟ ಮಂಚಗಳು ಸುಮ್ಮನೆ ಬಿದ್ದಿದ್ದವು. ಅವಕ್ಕೆ ಬೆಳಿಗ್ಗೆ ತಾನೇ ಚಾದರ ಕಳಿಸಿದ್ದು ನೆನೆದು ಅವಳ ಹೊಟ್ಟೆ ಉರಿಯಿತು. ಜನರಲ್ ವಾರ್ಡಿನ ಡಾಕ್ಟರು ಒಬ್ಬೊಬ್ಬರನ್ನೇ ನೋಡುತ್ತ ಇನ್ನೂ ಕಾರಿಡಾರಿನ ಆ ತುದಿಯಲ್ಲಿದ್ದರು.

ಒಗೆದ ಗಂಟಿನಿಂದ ಒಂದು ನೀಲಿ ಚಾದರ ಎಳೆದು ತಮ್ಮನಿಗೆ ಹೊದಿಸಿಯೇಬಿಟ್ಟಳು. ವಾರ್ಡ್‌ಬಾಯ್ ಕಣ್ಣಿಗೆ ನೀಲಿ ಬಿದ್ದದ್ದೇ ತಡ, "ಅಯ್ಯೋ, ಮೇಲಿನ ಪೇಷಂಟು ನೆಲದ ಮೇಲೆ ಯಾಕಿದಾರೆ?" ಎಂದು ಸ್ಟ್ರೆಚರ್ ತಂದ.

"ಏನಕ್ಕ, ನನ್ನ ಸಾಹುಕಾರ ಮಾಡ್ಬಿಟ್ಯಲ್ಲ," ತಮ್ಮ ಏದುಸಿರಿನಲ್ಲೇ ನಕ್ಕ.

"ಬಾಯಿ ಮುಚ್ಕೊಂಡು ಮಲಗೋ. ದೊಡ್ಡೋರು ಹೆಚ್ಚು ಮಾತಾಡಲ್ಲ."

ಮೇಲೆ ಮೆತ್ತನೆಯ ಹಾಸಿಗೆ, ಕಿಟಕಿ, ಕೈಗೆಟುಕುವ ಬೆಲ್ಲು. ಗೆದ್ದೆ ಅಂದುಕೊಂಡಳು ಅಕ್ಕ. ಅಷ್ಟರಲ್ಲಿ ಸಿಸ್ಟರ್ ಬಂದು, "ಇವರು ಯಾವ ಡಾಕ್ಟರ ಪೇಷಂಟು?" ಎಂದರು.

"ದೊ... ದೊಡ್ಡ ಡಾಕ್ಟರದು."

ಪಾಪ, ಅವಳಿಗೆ ಚಾದರ ಗೊತ್ತಿತ್ತೇ ಹೊರತು ವಾರ್ಡಿನ ರೀತಿ ಗೊತ್ತಿರಲಿಲ್ಲ. ದುಡ್ಡಿನ ವಾರ್ಡಿನಲ್ಲಿ ಒಬ್ಬೊಬ್ಬ ರೋಗಿಯೂ ಒಬ್ಬೊಬ್ಬ ಡಾಕ್ಟರ ಸೊತ್ತು. ಅವರು ಬಂದು ನೋಡುವ ತನಕ ಬೇರೆ ಯಾವ ಡಾಕ್ಟರೂ ಕೈ ಹಚ್ಚುವಂತಿಲ್ಲ.

"ಫೋನ್ ಮಾಡಿದೀನಮ್ಮ, ಆಪರೇಷನ್ನಲ್ಲಿದಾರಂತೆ," ಎಂದರು ಸಿಸ್ಟರ್. "ಆಕ್ಸಿಜನ್ನೂ ಅವರು ಹೇಳಿದ ಮೇಲೇನೇ."

ತಮ್ಮನ ತುಟಿ ಬಣ್ಣಗೆಟ್ಟಿತು. ನಗುವುದನ್ನೂ ನಿಲ್ಲಿಸಿದ. ಅಕ್ಕ ಬಿದ್ದೆನೋ ಎದ್ದೆನೋ ಎಂದು ಕೆಳಗೋಡಿದಳು. ತಮ್ಮ ಮಲಗಿದ್ದ ಜಾಗದಲ್ಲಿ ಬೇರೆ ಯಾರೋ ಇದ್ದರು. ಡಾಕ್ಟರು ಅಲ್ಲೇ ಬಗ್ಗಿ ಅವರ ಎದೆ ನೋಡುತ್ತಿದ್ದರು.

"ಸಾರ್, ನನ್ನ ತಮ್ಮ ಮೇಲಿದಾನೆ, ಬನ್ನಿ ಸಾರ್!"

"ಮೇಲಿನವರನ್ನ ನಾನು ಮುಟ್ಟೋ ಹಾಗಿಲ್ಲಮ್ಮ."

"ಮೇಲಿನೋನಲ್ಲ ಸಾರ್, ಕೆಳಗಿನೋನೇ! ನಾನೇ ಸುಳ್ಳುಸುಳ್ಳೇ ನೀಲಿ ಚಾದರ ಹೊದಿಸ್ದೆ! ನಿಮ್ಮ ದಮ್ಮಯ್ಯ!"

ಡಾಕ್ಟರು ಅವಳಿಗಿಂತ ಮೊದಲೇ ಮೆಟ್ಟಿಲು ಹತ್ತಿ, "ಇವನು ಕೆಳಗಿನೋನೇ," ಎಂದು ಸಿಸ್ಟರನ್ನು ಸರಿಸಿದರು. ಎದೆ ಒತ್ತಿದರು, ಒತ್ತಿದರು, ಬೆವರು ಸುರಿಯುವವರೆಗೂ ಒತ್ತಿದರು. ಕೊನೆಗೆ ಕೈ ತೆಗೆದು ಗೋಡೆಯ ಕಡೆ ತಿರುಗಿ ನಿಂತರು.

ವಾರ್ಡ್‌ಬಾಯ್ ಚಾದರವನ್ನು ಮುಖದ ಮೇಲೆ ಎಳೆಯಹೋದ.

"ಅದು ಬೇಡಪ್ಪ," ಕಣ್ಣೊರೆಸಿಕೊಳ್ಳುತ್ತಲೇ ಸಿಸ್ಟರ್ ಅಂದರು. "ಜನರಲ್ ಅಲ್ವಾ. ಬಿಳೀದು ತನ್ನಿ."

ಬಿಳಿ ಚಾದರಗಳೆಲ್ಲ ಲಾಂಡ್ರಿಯಲ್ಲಿದ್ದವು. ಅದರ ಬೀಗದ ಕೈ ಅಕ್ಕನ ಸೊಂಟದಲ್ಲಿತ್ತು.