ಹಳ್ಳದ ಬೀದಿಗೆ ಬಂದ ನೀರು

ನಳದ ಬಾಯಿಂದ ಮೊದಲು ಬಂದದ್ದು ನೀರಲ್ಲ, ಗಾಳಿ. ಯಾರೋ ಹಲ್ಲುಸಂದಿಯಿಂದ ಉಸಿರು ಬಿಟ್ಟ ಹಾಗೆ ಸುಂಯ್ ಎಂದಿತು. ಊರು ಮಲಗಿ ಬಹಳ ಹೊತ್ತಾಗಿತ್ತು. ರುದ್ರಾಣಿಗೆ ಎಚ್ಚರವಾಗಲು ಅಷ್ಟೇ ಸಾಕಾಯಿತು. ಅವಳ ನಿದ್ದೆ ಯಾವಾಗಲೂ ತೆಳು.

ಜಗಳೂರು ಕಡೆಯ ಆ ಸಣ್ಣ ಊರಿನಲ್ಲಿ ನೀರು ಬರುತ್ತಿದ್ದುದೇ ರಾತ್ರಿ. ಪಂಪಿಗೆ ಕರೆಂಟು ಸಿಗುವುದು ಕತ್ತಲಾದ ಮೇಲೆ, ಟ್ಯಾಂಕು ತುಂಬುವುದು ಜನ ಉಂಡು ಮಲಗಿದ ಮೇಲೆ. ಆಗ ಪುರಸಭೆಯ ನೀರು ಬಿಡುವ ಸಣ್ಣಪ್ಪ ಉದ್ದನೆಯ ಕಬ್ಬಿಣದ ಕೀಲಿ ಹೆಗಲಿಗೇರಿಸಿಕೊಂಡು ಬಂದು, ಮೂಲೆಯ ಗುಂಡಿಗೆ ಮುಚ್ಚಿದ ಹಲಗೆ ಸರಿಸಿ ವಾಲ್ವು ತಿರುಗಿಸುತ್ತಿದ್ದ. ಒಂದು ದಿನ ದಿಬ್ಬದ ಬೀದಿಗೆ, ಮರುದಿನ ಹಳ್ಳದ ಬೀದಿಗೆ. ರುದ್ರಾಣಿಯ ಬಾಡಿಗೆ ಮನೆ ಇದ್ದದ್ದು ಹಳ್ಳದ ಬೀದಿಯಲ್ಲಿ. ಇವತ್ತು ದಿಬ್ಬದ ಬೀದಿಯ ಪಾಳಿ. ಅದು ಅವಳಿಗೆ ಚೆನ್ನಾಗಿ ಗೊತ್ತಿತ್ತು. ಪುರಸಭೆಯ ಬಾಗಿಲಲ್ಲಿ ಪಾಳಿಯ ಬೋರ್ಡು ಬರೆದಿದ್ದ ಗುಮಾಸ್ತೆ ಅವಳೇ.

ಗೊತ್ತಿದ್ದೂ ಕೈ ತಡೆಯಲಿಲ್ಲ. ಕೊಡ ಇಟ್ಟಳು, ಬಕೇಟು ಇಟ್ಟಳು, ಹಂಡೆಗೆ ಸುರಿದಳು. ಸದ್ದಿಗೆ ಎದ್ದ ತಾಯಿ ಸರ್ವಮಂಗಳಮ್ಮ ಹಿತ್ತಾಳೆ ತಪ್ಪಲೆಗಳನ್ನೂ ತಂದು ಸಾಲಾಗಿ ಇಟ್ಟಳು. ನೀರಿಗೆ ಬರವಿಲ್ಲದ ನ್ಯಾಮತಿಯಲ್ಲಿ ಹುಟ್ಟಿ ಬೆಳೆದ ಆಕೆಗೆ ಈ ಊರಿಗೆ ಬಂದ ಮೇಲೆ ನೀರು ಕಂಡರೆ ಹಬ್ಬ.

"ಇವತ್ತು ನಮ್ಮ ಪಾಳಿ ಅಲ್ಲಮ್ಮ," ಎಂದಳು ರುದ್ರಾಣಿ, ಕೊನೆಯ ತಪ್ಪಲೆ ತುಂಬುವಾಗ.

"ಬಂದೈತಲ್ಲ, ಹಿಡಿ. ನಾವೇನು ಕದಿಯಾಕೆ ಹೋಗಿದ್ವಾ?"

ಇದು ಆ ವಾರದಲ್ಲಿ ಎರಡನೆಯ ಸಲ. ಬೆಳಗಾಗುವ ಮೊದಲೇ ರುದ್ರಾಣಿ ಅಂಗಳದ ಕೆಸರಿನ ಮೇಲೆ ಬೂದಿ ಹರಡಿದಳು. ಆದರೆ ದಿಬ್ಬದ ಬೀದಿಯ ಕೆಂಪಕ್ಕ ಹಾಲಿಗೆ ಹೋಗುತ್ತಿದ್ದವಳು ಆಗಲೇ ನಿಂತು ನೋಡಿದ್ದಳು.

ಹತ್ತೂವರೆಗೆ ಪುರಸಭೆಯ ಬಾಗಿಲು ತೆಗೆದಾಗ ಖಾಲಿ ಕೊಡಗಳ ಸಮೇತ ಹೆಂಗಸರು ಮೆಟ್ಟಿಲ ಮೇಲಿದ್ದರು. ಕೆಂಪಕ್ಕ ರುದ್ರಾಣಿಯ ಮೇಜಿನ ಮೇಲೆಯೇ ಕೊಡ ಕುಕ್ಕಿದಳು.

"ಏನವ್ವಾ ಕ್ಲಾರ್ಕಮ್ಮ, ನಿಮ್ಮ ಬೀದಿಗೆ ಗಂಗವ್ವ ದಿನಾ ಬರ್ತಾಳಂತೆ. ನಮ್ಮ ದಿಬ್ಬ ಹತ್ತಾಕೆ ಆಕಿಗೆ ಮೊಣಕಾಲು ನೋವೇನು?"

ಹೆಂಗಸರು ನಕ್ಕರು. ರುದ್ರಾಣಿ ನಗಲಿಲ್ಲ. "ಒಂದು ಅರ್ಜಿ ಬರೆದುಕೊಡ್ರಿ, ಸಾಹೇಬರಿಗೆ ಇಡ್ತೀನಿ."

"ಅರ್ಜ್ಯಾಗೆ ಬ್ಯಾಳಿ ಬೇಯ್ತೈತೇನು? ಹೋದ ತಿಂಗಳು ಕೊಟ್ಟಿದ್ದು ಎಲ್ಲೈತೆ? ಅದನ್ನ ಹಿಂಡಿ ಒಂದು ಲೋಟ ನೀರು ಕೊಡು, ನೋಡೋಣ."

ನೀರು ಸಾಲದೆಂದು ಹೋದ ತಿಂಗಳು ಕೊಟ್ಟ ಅರ್ಜಿ ಎಲ್ಲಿದೆ ಎಂದು ರುದ್ರಾಣಿಗೆ ಗೊತ್ತಿತ್ತು, ಹೇಳುವ ಹಾಗಿರಲಿಲ್ಲ: ಸಾಹೇಬರ ಮೇಜಿನ ಮೇಲೆ, ಕೀಲಿಯ ಫೈಲಿನ ಕೆಳಗೆ. ದೀಪಾವಳಿಯ ಹೊತ್ತಿಗೆ ಸಣ್ಣಪ್ಪನ ಕೀಲಿಯ ಅಡ್ಡಹಿಡಿಯಲ್ಲಿ ಒಂದು ಕಡೆ ಮುರಿದು ಬಿದ್ದಿತ್ತು. ಎರಡು ಕೈಯಿಂದ ತಿರುಗಿಸಬೇಕಾದದ್ದನ್ನು ಅವನು ಒಂದೇ ಕಡೆ ಹಿಡಿದು ತಿರುಗಿಸುತ್ತಿದ್ದ. ಹೊಸ ಕೀಲಿ ಬೇಕೆಂದು ಅವಳು ಫೈಲು ಇಟ್ಟಳು. ಆಗಿದ್ದ ಚೀಫ್ ಆಫೀಸರ್ 'ಚರ್ಚಿಸಿ' ಎಂದು ಬರೆದು, ಯಾರೊಡನೆಯೂ ಚರ್ಚಿಸದೆ ವರ್ಗವಾಗಿ ಹೋದರು. ಹೊನ್ನಾಳಿಯಿಂದ ಬಂದ ಈಗಿನವರು ಮೂರು ಕೊಟೇಶನ್ ತರಿಸಿ ಎಂದರು. ಊರಿಗೆಲ್ಲ ಇದ್ದ ಕಮ್ಮಾರ ಒಬ್ಬನೇ. ಒಬ್ಬನಿಂದಲೇ ಮೂರು ಕೊಟೇಶನ್ ತರಿಸುವುದು ಹೇಗೆಂದು ಕೇಳಲು ಹೋದರೆ ಸಾಹೇಬರು ಹೊನ್ನಾಳಿಗೇ ಮರಳಿ ವರ್ಗ ಮಾಡಿಸಿಕೊಳ್ಳುವ ಓಡಾಟದಲ್ಲಿದ್ದರು. ಅವರ ಹಾಸಿಗೆಯ ಹೋಲ್ಡಾಲು ಇನ್ನೂ ಕಟ್ಟಿದ್ದ ಹಾಗೇ ಕೋಣೆಯ ಮೂಲೆಯಲ್ಲಿತ್ತು.

ಮಧ್ಯಾಹ್ನ ಅವರೇ ಅವಳನ್ನು ಕರೆಸಿದರು. ದಿಬ್ಬದ ಬೀದಿಯ ಮೆಂಬರು, ಶೇಂಗಾ ಮಂಡಿಯ ಷಣ್ಮುಖಪ್ಪ, ಆಗಷ್ಟೇ ಎದ್ದು ಹೋಗಿದ್ದ. ಕುರ್ಚಿ ಇನ್ನೂ ಅಡ್ಡಡ್ಡ ಇತ್ತು.

"ನೋಡ್ರೀ, ಈ ತಿಂಗಳು ನಿಮ್ಮ ಪ್ರೊಬೇಷನ್ ಮುಗಿಯುತ್ತೆ. ಕಾಯಂ ಮಾಡಿ ಅಂತ ಬರೆಯೋನು ನಾನು. ನೀರು ತನ್ನ ಬೀದಿಗೆ ತಿರುಗಿಸಿಕೊಂಡಳು ಅಂತ ಮೆಂಬರು ಹೇಳ್ತಿದ್ದಾರೆ. ಶನಿವಾರ ಸಭೆ ಇದೆ. ಯಾರು, ಯಾಕೆ ಬಿಟ್ಟರು ಅಂತ ಅಷ್ಟರೊಳಗೆ ತಿಳ್ಕೊಂಡು ಬಂದು ಹೇಳಿ. ಇಲ್ಲದಿದ್ದರೆ ನನ್ನ ಕೈಯಲ್ಲಿ ಏನೂ ಇಲ್ಲ."

ಅವಳು "ಆಗಲಿ ಸಾರ್" ಎಂದಳು. ದಾವಣಗೆರೆಯಲ್ಲಿ ಬಿ.ಎ. ಮುಗಿಸಿ, ತಂದೆ ತೀರಿಕೊಂಡ ಮೇಲೆ ತಾಯಿಯನ್ನು ಕರೆದುಕೊಂಡು ಈ ಕೆಲಸಕ್ಕೆಂದೇ ಇಷ್ಟು ದೂರ ಬಂದವಳು. ಕಾಯಂ ಆಗದಿದ್ದರೆ ಚನ್ನಗಿರಿಯ ಚಿಕ್ಕಪ್ಪನ ಮನೆಯ ಹೊರಕೋಣೆಯೇ ಗತಿ.

ಸಣ್ಣಪ್ಪ ವರಾಂಡದಲ್ಲಿದ್ದ. ನಲವತ್ತು ದಾಟದ, ಗಟ್ಟಿ ಮೈಯ ಆಳು. ಎಷ್ಟೋ ವರ್ಷದ ದಿನಗೂಲಿ. ಅವನನ್ನು ಕಾಯಂ ಮಾಡುವ ಪ್ರಸ್ತಾವವೂ ಈಗಷ್ಟೇ ಮೇಲೆ ಹೋಗಿತ್ತು.

"ಸಣ್ಣಪ್ಪ, ನಿನ್ನೆ ರಾತ್ರಿ ವಾಲ್ವು ಸರಿಯಾಗಿ ಮುಚ್ಚಿದ್ದೆಯಾ?"

"ಮುಚ್ಚೀನ್ರಿ ಅಮ್ಮಾರೆ. ದೇವ್ರಾಣೆ." ಅವನ ಕಣ್ಣು ಅವಳ ಮುಖದ ಮೇಲಿರಲಿಲ್ಲ, ಅಂಗಳದ ಬಿಸಿಲಿನ ಮೇಲಿತ್ತು. ನೆರಳು ಎಲ್ಲಿಯವರೆಗೆ ಬಂತು ಎಂದು ಅಳೆಯುವವನ ಹಾಗೆ. "ನಾ ಹೊರಡ್ಲೇನ್ರಿ?"

"ಇನ್ನೂ ಐದಾಗಿಲ್ಲ."

"ಮನ್ಯಾಗೆ ಕೆಲಸ ಐತ್ರಿ."

ಇತ್ತೀಚೆಗೆ ದಿನವೂ ಮನೆಯಲ್ಲಿ ಕೆಲಸ. ಹೆಡ್‌ಕ್ಲಾರ್ಕ್ ಜಯದೇವಪ್ಪ ಎಲೆಅಡಿಕೆ ಒತ್ತರಿಸಿಕೊಂಡು ಹೇಳಿದರು: "ಹೊತ್ತು ಮುಳುಗೋ ಮುಂಚೆ ಗೂಡು ಸೇರ್ತಾನೆ ನೋಡಮ್ಮ, ಕೋಳಿ ಹಂಗೆ."

ದಿಬ್ಬದ ಬೀದಿಯ ಮುಂದಿನ ಪಾಳಿಯ ರಾತ್ರಿ ರುದ್ರಾಣಿ ಮಲಗಲಿಲ್ಲ. ತಾಯಿಗೆ ನಿದ್ದೆ ಹತ್ತಿದ ಮೇಲೆ ಬ್ಯಾಟರಿ ಹಿಡಿದು ಮೂಲೆಯ ಮುಚ್ಚಿದ ಅಂಗಡಿಯ ಕಟ್ಟೆಯ ಮೇಲೆ ಕುಳಿತಳು. ಹೆಣ್ಣೊಬ್ಬಳು ಇಷ್ಟು ಹೊತ್ತಿನಲ್ಲಿ ಹೀಗೆ ಕುಳಿತದ್ದನ್ನು ಯಾರಾದರೂ ಕಂಡರೆ ಶನಿವಾರದ ಸಭೆಗೆ ಇನ್ನೊಂದು ವಿಷಯ ಸಿಕ್ಕಂತೆಯೇ. ಎರಡು ಸಲ ಎದ್ದಳು, ಎರಡು ಸಲ ಕುಳಿತಳು.

ಕೊನೆಗೂ ಸಣ್ಣಪ್ಪ ಬಂದ. ಕಾಕಿ ಅಂಗಿ, ತಲೆಗೆ ಸುತ್ತಿದ ವಲ್ಲಿ, ಹೆಗಲ ಮೇಲೆ ಕೀಲಿ, ಬೆರಳ ನಡುವೆ ಬೀಡಿಯ ಕೆಂಡ. ಗುಂಡಿಯ ಪಕ್ಕ ಬೀಡಿಯನ್ನು ಕಲ್ಲಿನ ಮೇಲಿಟ್ಟು ಹಲಗೆ ಎಳೆದ. ಮೊದಲು ದಿಬ್ಬದ ವಾಲ್ವು ತೆರೆದ. ಹಳ್ಳದ ವಾಲ್ವು ಮುಚ್ಚಲು ಕೀಲಿ ಇಳಿಸಿ ತಿರುಗಿಸಿದ, ನಿಂತ, ಮತ್ತೆ ಇಡೀ ಮೈ ಜೋತುಬಿಟ್ಟು ಎಳೆದ. ಆಗದೆ ಏದುಸಿರು ಬಿಡುತ್ತಾ ಬೀಡಿ ಎತ್ತಿಕೊಂಡ. ನೋಡುತ್ತಿದ್ದ ರುದ್ರಾಣಿಗೆ ಒಂದು ವಿಷಯ ಮನಸ್ಸಿಗೆ ಚುಚ್ಚಿತು: ಅಷ್ಟು ಹೊತ್ತಿನಲ್ಲಿ ಆ ಕೆಂಡ ಒಮ್ಮೆಯೂ ಬಾಯಿಯವರೆಗೆ ಏರಿರಲಿಲ್ಲ.

ಅವಳು ಎದ್ದು ಬ್ಯಾಟರಿಯ ಬೆಳಕು ಬಿಟ್ಟಳು. ವಲ್ಲಿಯ ಕೆಳಗೆ ಮೂಗುಬೊಟ್ಟು ಹೊಳೆಯಿತು.

"ದೀಪ ಆರಸ್ರಿ ಅಮ್ಮಾರೆ, ನಿಮ್ಮ ಕಾಲಿಗೆ ಬೀಳ್ತೀನಿ."

ಸಣ್ಣಪ್ಪನ ಹೆಂಡತಿ ಅಂಜಿನಮ್ಮ. ರುದ್ರಾಣಿ ದೀಪ ಆರಿಸಿದಳು.

"ಸಣ್ಣಪ್ಪ ಎಲ್ಲಿ?"

"ಮನ್ಯಾಗದಾರ್ರಿ. ಹೊತ್ತು ಮುಳುಗಿದ್ರೆ ಅವರಿಗೆ ಕಣ್ಣು ಕಾಣಂಗಿಲ್ರಿ. ಹಗಲೆಲ್ಲ ನಿಮ್ಮಂಗೆ ನನ್ನಂಗೆ. ಕತ್ತಲಾತು ಅಂದ್ರೆ ಗೋಡೆ ಹಿಡ್ಕಂಡು ತಿರುಗ್ತಾರೆ."

"ಡಾಕ್ಟರಿಗೆ ತೋರಿಸಲಿಲ್ಲವಾ?"

"ದಾವಣಗೆರ್ಯಾಗೆ ತೋರಿಸಿದ್ವಿ. ಇರುಳುಗಣ್ಣು, ಇದು ವಾಸಿ ಆಗಾಕಿಲ್ಲ ಅಂದ್ರು. ಮೊದಲು ಇಬ್ರೂ ಕೂಡೇ ಬರ್ತಿದ್ವಿ ಅಮ್ಮಾರೆ, ನನ್ನ ಹೆಗಲು ಹಿಡ್ಕಂಡು. ವಾಲ್ವು ಅವರೇ ಬಿಗೀತಿದ್ರು. ಹೋದ ವಾರ ಮಂಡಿ ಹಮಾಲ್ರು ನೋಡಿ, ಏನ್ ಸಣ್ಣಪ್ಪ, ಹೆಂಡ್ತಿ ಹೆಗಲ ಮ್ಯಾಲೆ ಕೈ ಹಾಕ್ಕಂಡು ಎತ್ತಲಾಗೆ ಮೆರವಣಿಗೆ ಅಂತ ನಗ್ಯಾಡಿದ್ರು. ಅವತ್ತಿಂದ ಗೊತ್ತಾಗಿಬಿಡ್ತೈತೆ ಅಂತ ಅವರು ಬರವಲ್ರು. ಅದಕ್ಕೇ ಈ ವೇಷ. ಬೀಡಿ ಇದ್ರೆ ದೂರದಿಂದ ಅವರೇ ಅಂದ್ಕಂತಾರೆ."

"ಕೊನೆಯ ಸುತ್ತು ಬಿಗಿಯುತ್ತಿಲ್ಲ, ಅಲ್ಲವಾ?"

"ಒಂದೇ ಹಿಡಿ ಐತ್ರಿ. ನನ್ನ ಕೈಲಿ ಆಗವಲ್ದು." ಅವಳು ಬೀಡಿಯನ್ನು ಕಲ್ಲಿಗೆ ಒತ್ತಿ ಆರಿಸಿದಳು. "ಕಾಯಂ ಆಗೋ ಮುಂದ ಇದು ಗೊತ್ತಾದ್ರೆ ನಾಳೇನೇ ಬರಬ್ಯಾಡ ಅಂತಾರೆ. ಎರಡು ಹೆಣ್ಣುಮಕ್ಕಳು ಅದಾವ್ರಿ."

ಕೊಳವೆಯೊಳಗೆ ನೀರು ಹಳ್ಳದ ಬೀದಿಯ ಕಡೆಗೇ ಇಳಿಯುತ್ತಿತ್ತು. ರುದ್ರಾಣಿ ಸೆರಗು ಸೊಂಟಕ್ಕೆ ಸಿಕ್ಕಿಸಿ ಬಗ್ಗಿ ಕೀಲಿಗೆ ಕೈ ಹಾಕಿದಳು.

"ಬ್ಯಾಡ್ರಿ ಅಮ್ಮಾರೆ, ನೀವು ಮುಟ್ಟಬ್ಯಾಡ್ರಿ," ಎಂದು ಅಂಜಿನಮ್ಮ ತಟ್ಟನೆ ಹಿಂದೆ ಸರಿದಳು. ಒಂದೇ ಹಿಡಿಯ ಮೇಲೆ ಇಬ್ಬರ ಕೈ ತಾಗುವುದು ತಪ್ಪುತ್ತಿರಲಿಲ್ಲ.

"ನೀನು ಹಿಡಿಯದಿದ್ದರೆ ನನ್ನೊಬ್ಬಳ ಕೈಲೂ ಆಗುವುದಿಲ್ಲ. ಬಾ."

ಇಬ್ಬರೂ ಎಳೆದರು. ವಾಲ್ವು ಕಿರ್ರೆಂದು ಕೂತಿತು. ಅಂಜಿನಮ್ಮ ಏನೂ ಕೇಳಲಿಲ್ಲ, ರುದ್ರಾಣಿ ಮಾತು ಕೊಡಲಿಲ್ಲ. ಮನೆಗೆ ಬಂದು ಮಲಗಿದಾಗ ಅಂಗೈಯ ತುಂಬ ತುಕ್ಕಿನ ವಾಸನೆ. ಶನಿವಾರ ಏನು ಹೇಳುವುದು? ಸತ್ಯ ಹೇಳಿದರೆ ತಾನು ಉಳಿಯುತ್ತೇನೆ. ಅದರಲ್ಲಿ ತಪ್ಪೇನು? ತಾನೇನು ಅವನ ಕಣ್ಣು ಕಿತ್ತವಳೇ? ಮಗ್ಗುಲು ಬದಲಿಸುತ್ತಾ ಬೆಳಗು ಮಾಡಿದಳು.

ಶನಿವಾರದ ಸಭೆ ಬೀದಿದೀಪ, ಸಂತೆಯ ಸುಂಕ ಎಂದು ಎಳೆದಾಡಿ, ನೀರಿನ ವಿಷಯ ಬರುವ ಹೊತ್ತಿಗೆ ಕಿಟಕಿಯ ಬಿಸಿಲು ಕೆಂಪಾಗಿತ್ತು. ಕರೆಂಟು ಇರಲಿಲ್ಲ. ಸಣ್ಣಪ್ಪನನ್ನು ಬಾಗಿಲ ಬಳಿಯ ಬೆಂಚಿನ ಪಕ್ಕ ನಿಲ್ಲಿಸಿದ್ದರು.

ಷಣ್ಮುಖಪ್ಪ ಎದ್ದ. "ನಮ್ಮ ಬೀದಿ ಹೆಣ್ಣುಮಕ್ಕಳು ನನ್ನ ಮನಿ ಮುಂದ ಖಾಲಿ ಕೊಡ ಸಾಲಾಗಿ ಇಟ್ಟು ಹೋಗ್ಯಾರೆ. ನಾನು ಮೆಂಬರೋ ಕುಂಬಾರನೋ ಅಂತ ನನಗೇ ತಿಳೀವಲ್ದು." ಸಭೆ ನಕ್ಕಿತು. ಅವನು ಬಾಗಿಲ ಕಡೆ ತಿರುಗಿದ. "ಲೇ ಸಣ್ಣಪ್ಪ, ಖರೆ ಹೇಳು. ಹಳ್ಳದ ಬೀದಿಗೆ ನೀರು ಬಿಡು ಅಂತ ಈ ಅಮ್ಮಾರು ಹೇಳಿದ್ರೇನು?"

ಸಣ್ಣಪ್ಪ ತಲೆ ತಗ್ಗಿಸಿದ. ಇಲ್ಲ ಎನ್ನಲಿಲ್ಲ.

"ಹೇಳಪ್ಪ," ಎಂದರು ಚೀಫ್ ಆಫೀಸರ್.

ಅವನು ಬಾಯಿ ತೆರೆಯಲೇ ಇಲ್ಲ. "ಇನ್ನೇನು ಬೇಕ್ರಿ, ಅದೇ ಉತ್ತರ!" ಎಂದ ಷಣ್ಮುಖಪ್ಪ ಗೆದ್ದವನಂತೆ ಕುಳಿತ.

ರುದ್ರಾಣಿ ಮುಂದಿದ್ದ ಫೈಲು ಮುಚ್ಚಿದಳು. ರಾತ್ರಿ ಹೆಂಡತಿ ಕಾಲಿಗೆ ಬೀಳಲು ಬರುತ್ತಾಳೆ, ಹಗಲು ಗಂಡ ಬಾಯಿಗೆ ಬೀಗ ಹಾಕಿಕೊಂಡು ತನ್ನನ್ನು ಕೊಲ್ಲುತ್ತಾನೆ. ನಾಲಿಗೆಯ ತುದಿಗೆ ಆ ಮಾತು ಬಂದಿತ್ತು. ಒಂದೇ ಒಂದು ಪದ. ಅದನ್ನು ಹೇಳಲೆಂದೇ ಎದ್ದು ನಿಂತಳು.

ನಿಂತಾಗ ಅವನ ಕೈ ಕಾಣಿಸಿತು. ಕೋಣೆಯಲ್ಲಿ ಉಳಿದವರಿಗೆಲ್ಲ ಇನ್ನೂ ಬೆಳಕಿತ್ತು. ಅವನ ಬೆರಳುಗಳು ಮಾತ್ರ ಬೆಂಚಿನ ಅಂಚನ್ನು ತಡಕುತ್ತಿದ್ದವು. ಹುಡುಕಿ, ಸಿಕ್ಕಿದ್ದನ್ನು ಬಿಗಿಯಾಗಿ ಹಿಡಿದುಕೊಂಡವು.

"ನಾನು ಬಿಡು ಎಂದು ಹೇಳಿಲ್ಲ, ಸಾರ್," ಎಂದಳು ಅವಳು. ಒಂದೊಂದು ಮಾತನ್ನೂ ಮುಟ್ಟಿ ನೋಡಿ ಇಡುವಂತೆ ಮುಂದುವರಿಸಿದಳು. "ಕೀಲಿಯ ಒಂದು ಹಿಡಿ ಮುರಿದಿದೆ. ಅದರಿಂದ ವಾಲ್ವು ಪೂರ್ತಿ ಬಿಗಿಯುವುದಿಲ್ಲ. ನಮ್ಮ ಬೀದಿ ತಗ್ಗಿನಲ್ಲಿದೆ. ಬಂದ ನೀರನ್ನು ನಾನು ಹಿಡಿದದ್ದು ನಿಜ."

"ಹಿಡಿ ಮುರಿದದ್ದು ದೀಪಾವಳಿಗೆ," ಎಂದ ಷಣ್ಮುಖಪ್ಪ. ಮಂಡಿಯಲ್ಲಿ ಕೂತು ಪಳಗಿದವನು. "ಮೊನ್ನಿ ತನಕ ಬಿಗೀತಿದ್ದದ್ದು ಈಗೇನಾತವ್ವ?"

ಅದಕ್ಕೆ ಅವಳಲ್ಲಿ ಉತ್ತರವಿತ್ತು. ಸಾಹೇಬರು ಕಾದರು. "ಬೇರೆ ಯಾರಾದರೂ ಕಾರಣ ಇದ್ದರೆ ಹೆಸರು ಹೇಳಿಬಿಡಿ. ನಿಮಗೇ ಒಳ್ಳೆಯದು."

"ನಾನು ಹೇಳಬೇಕಾದ್ದು ಇಷ್ಟೇ, ಸಾರ್."

ಅರ್ಧ ವರ್ಷ ಕೂತಿದ್ದ ಕೀಲಿಗೆ ಆಗಿಂದಾಗಲೇ ಒಪ್ಪಿಗೆ ಸಿಕ್ಕಿತು, ಕೊಟೇಶನ್ನಿಲ್ಲದೆ. ಅದೇ ಉಸಿರಿನಲ್ಲಿ ರುದ್ರಾಣಿಯ ಪ್ರೊಬೇಷನ್ ಇನ್ನೊಂದು ವರ್ಷ ಮುಂದಕ್ಕೆ ಹೋಯಿತು. ದೂರು ತೆಗೆದುಕೊಳ್ಳುವ ಮೇಜೂ ಅವಳ ಕೈ ತಪ್ಪಿತು.

ಜನ ಎದ್ದರು. ಸಣ್ಣಪ್ಪ ಅವಳ ಪಕ್ಕದಲ್ಲೇ, ಗೋಡೆಗೆ ಅಂಗೈ ಸವರುತ್ತಾ ಹೊರಟ. ತಿರುಗಿ ನೋಡಲಿಲ್ಲ. ನೋಡಿದ್ದರೂ ಅವನಿಗೆ ಕಾಣುತ್ತಿರಲಿಲ್ಲವೇನೋ. ಗೇಟಿನ ಹೊರಗೆ ಅಂಜಿನಮ್ಮ ಕೆಮ್ಮಿದಳು. ಅವನು ಆ ಕೆಮ್ಮಿನ ಕಡೆಗೆ ನಡೆದ.

"ನೋಡಮ್ಮ, ಹೆಂಡ್ತಿ ಬಂದು ಕರ್ಕೊಂಡು ಹೋಗಬೇಕು. ಹೊಸ ಮದುಮಗ!" ಎಂದರು ಜಯದೇವಪ್ಪ. ಆಮೇಲೆ ದನಿ ತಗ್ಗಿಸಿದರು. "ಅಲ್ಲಾ, ಒಳಗೆ ಏನೋ ನುಂಗಿಬಿಟ್ಟೆಯಲ್ಲ, ಏನದು?"

"ಏನಿಲ್ಲ ಸಾರ್."

ಸಣ್ಣಪ್ಪನ ಮೇಲಿನ ಸಿಟ್ಟು ದಾರಿಯುದ್ದಕ್ಕೂ ಇಳಿಯಲಿಲ್ಲ. ಸರಿ ಮಾಡಿದೆನೋ ಇಲ್ಲವೋ ಎಂಬುದೂ ತಿಳಿಯಲಿಲ್ಲ. ನಾಳೆ ಅವನ ಪ್ರಸ್ತಾವ ಮಂಜೂರಾಗಿ ಬಂದರೆ ಅದನ್ನು ನೋಡಿ ತನಗೆ ಸಂತೋಷವಾದೀತು ಎಂದೂ ಅನ್ನಿಸಲಿಲ್ಲ.

ತಾಯಿ ಬಾಗಿಲಲ್ಲೇ ನಿಂತಿದ್ದಳು. "ಏನಾತೇ? ಕಾಯಂ ಅಂದ್ರಾ?"

"ಇನ್ನೊಂದು ವರ್ಷ ಬೇಕಂತಮ್ಮ."

"ಯಾಕಂತೆ? ಯಾರೇನಂದ್ರು?"

ತಾಯಿಗೆ ಹೇಳಿದರೆ ಎದೆ ಹಗುರವಾಗುತ್ತಿತ್ತು. ಆದರೆ ಸೋಮವಾರ ಗುಡಿಯ ಕಟ್ಟೆಯ ಮೇಲೆ, ಮಗಳ ಮಾನ ಉಳಿಸಲೆಂದೇ, ಆಕೆ ಅದನ್ನು ನಾಲ್ಕು ಜನಕ್ಕೆ ಹೇಳುತ್ತಿದ್ದಳು. ರುದ್ರಾಣಿ ಚಪ್ಪಲಿ ಬಿಡುತ್ತಾ, ತಾಯಿಗಾಗಲಿ ಇನ್ನು ಯಾರಿಗೇ ಆಗಲಿ ಈ ಮಾತು ಹೇಳಬಾರದೆಂದು ನಿಶ್ಚಯಿಸಿದಳು.

"ಯಾರೂ ಏನೂ ಅನ್ನಲಿಲ್ಲಮ್ಮ," ಎಂದು ಒಳಗೆ ಹೋದಳು.