ಔಷಧ ಬಿದ್ದ ಹೊಲದ ಕಡಲೆ ಹುಳಿ

ರಾಮಸಮುದ್ರದ ಹನುಮಮ್ಮ ಹಿಂಡಿದ ಕಡಲೆ ಹುಳಿಯೆಂದರೆ ಓಣಿಗೆಲ್ಲ ನಂಬಿಕೆ. ಚಳಿಗಾಲದಲ್ಲಿ ಕಡಲೆ ಎಲೆ ತಾನಾಗಿಯೇ ಹುಳಿಯನ್ನು ಒಸರುತ್ತದೆ. ಸಂಜೆ ಗಿಡಗಳ ಮೇಲೆ ಪಂಚೆ ಹಾಸಿ, ಬೆಳಗ್ಗೆ ಇಬ್ಬನಿಯೊಡನೆ ಹಿಂಡಿಕೊಂಡರೆ ಸಾರಿಗೂ ಆಯಿತು, ಹಿತ್ತಾಳೆ ಕೊಡ ಬೆಳಗಲೂ ಆಯಿತು. ಅಜೀರ್ಣಕ್ಕೂ ಜನ ಅದನ್ನೇ ಕುಡಿಯುತ್ತಿದ್ದರು.

ಏಳು ತಿಂಗಳ ಬಸುರಿ ಸೊಸೆ ಅಂಜನಾ ಹೊಟ್ಟೆನೋವೆಂದು ನರಳಿದಾಗ ಮನೆಯ ಸೀಸೆ ಬರಿದಾಗಿತ್ತು. ಆ ಸಂಜೆ ಹನುಮಮ್ಮ ಯಾರನ್ನೂ ಕೇಳದೆ ಅದೇ ಊರಿನ ಲಾಲಪ್ಪನ ಕಡಲೆ ಹೊಲದಲ್ಲಿ ಪಂಚೆ ಹಾಸಿ ಬಂದಳು. ಮರುದಿನ ಹಿಂಡುವಾಗ ಮೂಗಿಗೆ ಘಾಟು ಬಡಿಯಿತು. ಈ ವರ್ಷ ಹುಳಿ ಜೋರಾಗಿದೆ ಎಂದುಕೊಂಡಳು.

ದಾರಿಯಲ್ಲಿ ಆಶಾ ಕಾರ್ಯಕರ್ತೆ ಮಲ್ಲಿಕಮ್ಮ ತಡೆದಳು.

"ಯಾರ ಹೊಲದ್ದು, ದೊಡ್ಡವ್ವ?"

"ಲಾಲಪ್ಪಂದು. ಅಂಜನಾನ ಹೊಟ್ಟಿನೋವಿಗಿ. ಯಾಕ, ನಿನಗೂ ಬೇಕೇನು?"

"ಚೆಲ್ಲಬೇ! ನಿನ್ನೆ ಮಧ್ಯಾಹ್ನ ಅಂವ ಹುಳಕ್ಕ ವಿಷದ ಎಣ್ಣಿ ಹೊಡದಾನ."

"ಇಬ್ಬನಿಗಿ ತೊಳದು ಹೋಗಿರ್ತದ."

"ತೊಳದದ್ದು ಎಲ್ಲಿ ಹೋಗ್ತದ? ನಿನ್ನ ಪಂಚಿಗೇ ಬಂದಿರ್ತದ! ಅಂಜನಾನ್ನ ದವಾಖಾನಿಗಿ ಕರ್ಕೊಂಡು ಹೋಗೂಣು."

"ನಾಕು ಬಾಣಂತನ ಮಾಡಿದ ಕೈ ಇದು. ನಿನ್ನ ಸರಕಾರಿ ಗುಳಗಿ ನೀನೇ ನುಂಗು."

ಲಾಲಪ್ಪನ ಬಾಯಿಂದಲೇ ಹೇಳಿಸಬೇಕೆಂದು ಮಲ್ಲಿಕಮ್ಮ ಅವನ ಮನೆಗೆ ಓಡಿದಳು. ಇಬ್ಬರೂ ಬರುವಷ್ಟರಲ್ಲಿ ಅಂಜನಾ ಒಂದು ಲೋಟ ಕುಡಿದಾಗಿತ್ತು. ಬಾಯಲ್ಲಿ ಜೊಲ್ಲು ಸುರಿಯುತ್ತಿತ್ತು, ಮೈಯೆಲ್ಲ ಬೆವರು. ಹನುಮಮ್ಮ ಉಪ್ಪುನೀರು ಹಿಡಿದು ನಿಂತಿದ್ದಳು.

"ವಾಂತಿ ಮಾಡಿಸಬ್ಯಾಡ! 108ಕ್ಕ ಫೋನ್ ಹಚ್ಚೀನಿ. ಲಾಲಪ್ಪಣ್ಣ, ಎಣ್ಣಿ ಡಬ್ಬಿ ತರ್ರಿ, ಡಾಕ್ಟರಿಗಿ ತೋರಿಸಬೇಕು," ಎಂದಳು ಮಲ್ಲಿಕಮ್ಮ.

"ಒಂದು ಮಾತು ಕೇಳಬಾರದಿತ್ತಾ, ಚಿಗವ್ವ?" ಎಂದು ಹನುಮಮ್ಮನನ್ನು ಕೇಳಿ ಲಾಲಪ್ಪ ಡಬ್ಬಿ ತರಲು ಓಡಿದ.

ಯಾದಗಿರಿಯ ಆಸ್ಪತ್ರೆಯಲ್ಲಿ ಅಂಜನಾ ಉಳಿದಳು. ಹೊಟ್ಟೆಯೊಳಗಿನ ಕೂಸು ಉಳಿಯಲಿಲ್ಲ. ಆರನೆಯ ದಿನ ಅವಳು ಅತ್ತೆಯ ಮುಖ ನೋಡಿ, "ನೀವು ಕುಡಿ ಅಂದ್ರಿ, ನಾ ಕುಡದೆ," ಎಂದಳು. ಅದರಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದರೆ ಹನುಮಮ್ಮ ತಾಳಿಕೊಳ್ಳುತ್ತಿದ್ದಳು.

ಈಗ ಅವಳೇ ಸ್ವಸಹಾಯ ಸಂಘದಲ್ಲಿ ಎದ್ದು ನಿಂತು, "ಮಲ್ಲಿಕಮ್ಮ ಹೇಳಿದ್ದು ಖರೆ ಇತ್ತು," ಎನ್ನುತ್ತಾಳೆ. ಮುಂದಿನ ಮಾತು ಬಾಯಿಂದ ಹೊರಡುವುದಿಲ್ಲ.

ಅಕ್ಕತಂಗಿಯರೇ, ಅವಳು ಹೇಳಲಾಗದ್ದು ಇಷ್ಟು: ಔಷಧ ಹೊಡೆದ ಹೊಲದಲ್ಲಿ ಬಟ್ಟೆ ಹಾಸಬೇಡಿ, ಅಲ್ಲಿಯ ಹುಳಿ ವಿಷ. ಹೊಲದವರನ್ನು ಕೇಳಿ, ತಿಳಿಯದಿದ್ದರೆ ಬಿಟ್ಟುಬಿಡಿ. ಬಸುರಿಗೆ ಹೊಟ್ಟೆನೋವಾದರೆ ಆಸ್ಪತ್ರೆಗೇ ಕರೆದೊಯ್ಯಿರಿ. ಹೊಲದವರೇ, ಔಷಧ ಹೊಡೆದ ದಿನವೇ ಓಣಿಯಲ್ಲಿ ಸಾರಿ ಹೇಳಿ. ನಿಮ್ಮ ಮನೆಯ ಕೂಸನ್ನಾದರೂ ಉಳಿಸಿಕೊಳ್ಳಿ.